ಕಪಾಟು ಕೈಪಿಡಿ ಕಾಳಗ

ಸ್ವಸ್ತಿ. ಕಲಿಯುಗದ ಕೊನೆಯ ಕವಲಾದ ಈ ಕ್ಲಿಕ್ಕಿಯುಗದಲ್ಲಿ, ಸಂಬಳವಿಲ್ಲದೆ ಸೊರಗದ, ಸಭೆಯಿಲ್ಲದೆ ಸುಖಿಸದ ಸ್ವಯಂಸೇವಕ-ಸಂಕುಲ-ಸಂಭೂತರೂ, ಕೀಲಿಮಣೆ-ಕುಟ್ಟನ-ಕರ್ಕಶ-ಕರಾಂಗುಲಿಗಳೂ ಆದ ಧಾರವಾಡದ ವೀರರು ಪುಸ್ತಕಗಳ ಪಟ್ಟಿಯಿಡುವ ‘ಕಪಾಟು’ ಎಂಬ ಮುಕ್ತ ತಂತ್ರಾಂಶವನ್ನು ನಿರ್ಮಿಸಿ, ಊರೂರ ಗ್ರಂಥಾಲಯಗಳಿಗೆ ಉಚಿತವಾಗಿ ಹಂಚಲು ಸಂಕಲ್ಪಿಸಿದರು. ಇಸಿದುಕೊಳ್ಳಲು ಯಾರೂ ಬರಲಿಲ್ಲ, ಆ ಮಾತು ಬೇರೆ. ಕಡೆಗೆ ಕಲಘಟಗಿಯ ಗ್ರಂಥಪಾಲಕಿಯೊಬ್ಬರು ಮನಸ್ಸು ಮಾಡಿ, “ಹೆಂಗ ಹಾಕ್ಕೋಬೇಕಂತ ಇವತ್ತ ಸಂಜೀಕ ಬರದು ಕಳಸ್ರಿ. ಇಲ್ಲಾಂದ್ರ ನಮಗ ಹಳೇ ಚೀಟಿ ಡಬ್ಬೀನ ಛೊಲೋ” ಎಂದು ಫೋನಿಟ್ಟರು.

ಎರಡು ವರ್ಷದ ತಪಸ್ಸಿಗೆ ಒಲಿದ ಈ ಪ್ರಪ್ರಥಮ ಬಳಕೆದಾರರ ವಾರ್ತೆಯನ್ನು ಸಂಚಾಲಕಿ ಶಶಿಕಲಾ ಹೂಗಾರ ಅಂದೇ ಇದ್ದ ಭಾನುವಾರದ ಸಭೆಗೆ ತಂದಳು. ಕೈಪಿಡಿ ಬರೆಯುವ ಮೊದಲು ಅದನ್ನು ಯಾವುದರಲ್ಲಿ ಬರೆಯುವುದೆಂಬ ಪ್ರಶ್ನೆ ಎದ್ದಿತು, ಎದ್ದದ್ದು ಕೂರಲಿಲ್ಲ.

ಆಗ ಸರ್ವಜನ-ಸಂಪಾದನ-ಸುಲಭ-ವಿಕಿಚಕ್ರಧರನಾದ ಅಚ್ಯುತ ಕಟ್ಟಿಯು ಚಹಾದ ಕಪ್ಪನ್ನು ಪಾಂಚಜನ್ಯದಂತೆ ಎತ್ತಿ ಗರ್ಜಿಸಿದನು: “ಮೂರು ಕಂಪನಿಯೊಳಗ ವಿಕಿ ನಿಂದರಿಸಿದ ಕೈ ಇದು. ವಿಕಿ ಇಟ್ರ ಹಾದಿ ಮ್ಯಾಲ ಹೋಗೋರೂ ಬಂದು ತಿದ್ದತಾರ. ನಿನ್ನ ಕಡತ ತಿದ್ದಲಿಕ್ಕೆ ಮೊದ್ಲ ಒಂದು ಕೋರ್ಸ್ ಮಾಡಬೇಕಲೇ, ಸಂಗಣ್ಣ.”

ಅದನ್ನು ಕೇಳಿ, ಸಾದಾ-ಪಠ್ಯ-ಕಡತ-ಖಡ್ಗಪಾಣಿಯೂ, ಬಣ್ಣದ ಗುಂಡಿ ಕಂಡರೆ ಕೆಂಡವಾಗುವವನೂ ಆದ ಸಂಗಣ್ಣ ಬಾಳಿಕಾಯಿಯು, ಬಾಯ ಬಾಗಿಲಿಗೆ ಬಂದಿದ್ದ ಗಿರಮಿಟ್ಟಿನ ಮುಷ್ಟಿಯನ್ನು ಅಲ್ಲೇ ತಡೆದು ನುಡಿದನು: “ಬರ್ತಾರ, ಖರೆ. ಬಂದು ಎಲ್ಲಾ ಅಳಿಸಿ ಹೊಕ್ಕಾರ. ತಂತ್ರಾಂಶದ ಕೋಡಿನ ಮಗ್ಗಲಾಗ ಇಟ್ಟ ನನ್ನ ಕಡತ ಭೂಮಿ ಮುಳುಗಿದ್ರೂ ತೆರೀತೈತಿ. ನಿನ್ನ ವಿಕಿ ಕರೆಂಟ್ ಹೋದ್ರ ಮಕ್ಕೊಂತೈತಿ.”

ವಾಗ್ಬಾಣಗಳು ಗಗನವನ್ನು ಮುಸುಕಿದವು. ಎರಡು ಕೇತಲಿ ಚಹಾ ವೀರಸ್ವರ್ಗವನ್ನೇರಿತು. ಸೂರ್ಯನು ನೋಡಿ ನೋಡಿ ಬೇಸತ್ತು ಪಶ್ಚಿಮಕ್ಕೆ ವಾಲಿದನು. ಕಲಘಟಗಿಯಿಂದ ಮತ್ತೆ ಫೋನು ಬಂದಿತು.

ಶಶಿಕಲಾ ಮೇಜು ತಟ್ಟಿದಳು. “ನಮ್ಮ ಸಂಘದ ಪದ್ಧತಿ ಗೊತ್ತೈತಲ್ಲ? ಯಾರ ಸಲಹಾ ಗೆಲ್ಲತೈತಿ, ಕೆಲಸಾನೂ ಅವರದ. ಗೆದ್ದಾಂವ ಕುಂತು ಬರೀಬೇಕು. ಈಗ ಕೈ ಎತ್ರಿ, ವಿಕಿ ಯಾರಿಗೆ ಬೇಕು?”

ಅಚ್ಯುತನು ಚಕ್ರವನ್ನು ಮೆಲ್ಲನೆ ಕೆಳಗಿಟ್ಟನು. “ಹಂಗ ನೋಡಿದ್ರ, ಸಾದಾ ಕಡತಕ್ಕ ಒಂದು ಗಾಂಭೀರ್ಯ ಅದ.”

“ಏ, ಎಲ್ಲಿ ನಿನ್ನ ವಿಕಿ, ಎಲ್ಲಿ ನನ್ನ ಹರಕು ಕಡತ,” ಎಂದನು ಸಂಗಣ್ಣ. “ನೀನ ಗೆದ್ದಿ ಬಿಡಪಾ.”

“ಛೇ ಛೇ, ನಿನ್ನ ಮುಂದ ನಾ ಯಾವ ಗಿಡದ ತೊಪ್ಪಲೋ.”

ಇಂತು ಶತ್ರುವಿನ ಆಯುಧವನ್ನು ಸ್ತುತಿಸುತ್ತ, ಸೋಲನ್ನು ಪರಸ್ಪರರ ಕೈಯಿಂದ ಕಸಿದುಕೊಳ್ಳುತ್ತ ಇಬ್ಬರೂ ಮೊದಲಿನ ಯುದ್ಧವನ್ನೇ ನಾಚಿಸುವ ಎರಡನೆಯ ಯುದ್ಧಕ್ಕೆ ತೊಡಗಿರಲು, ಶಶಿಕಲಾ ಮೂಲೆಯ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲೇ ಏಳು ಸಾಲು ಒತ್ತಿ ಕಲಘಟಗಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂದಿತು: “ಆತ್ರಿ. ಪುಸ್ತಕ ಕಾಣಾಕ್ಹತ್ತಾವ.”

ಅವಳು ಅದೇ ಏಳು ಸಾಲನ್ನು ಸಂಘದ ವಾಟ್ಸಾಪ್ ಗುಂಪಿಗೂ ಹಾಕಿ, ಚೀಲ ಹೆಗಲಿಗೇರಿಸಿ, ಬಸ್ಸಿಗೆ ನಡೆದಳು.

ಆ ಸಾಲುಗಳ ಕೆಳಗೆ, ಅರಿಭಯಂಕರ-ಸಮರಧೀರರಾದ ಮಹಾರಥಿಗಳಿಬ್ಬರೂ ತಮ್ಮ ಅಳಿದುಳಿದ ಸಮಸ್ತ ಪರಾಕ್ರಮವನ್ನು ಒಗ್ಗೂಡಿಸಿ, ಒಂದೊಂದು ಹೆಬ್ಬೆರಳಿನ ಚಿತ್ರ ಒತ್ತಿದರು.