ಮನೆಯಲ್ಲಿ ಮೊದಲು ಬಿದ್ದ ಹಲ್ಲು

ಬಿಗಿದದ್ದನ್ನು ಸಡಿಲಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ, ಊರೇ ಒಪ್ಪಿದ ಮಾತು. ನಾನು ಬಾಗಿಲು ಕೂರಿಸುವ ಬಡಗಿ. ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲು, ತುಕ್ಕು ಹಿಡಿದು ಮರದೊಳಗೆ ಹೂತುಹೋದ ಮೊಳೆ, ನಾಲ್ಕು ಜನ ತಿರುಗಿಸಿ ಕೈಸೋತ ತಿರುಪು, ಯಾವುದೇ ಇರಲಿ, ಕೊನೆಗೆ ಜನ ಹೇಳಿ ಕಳಿಸುವುದು ನನಗೇ. ಅಂಥವನಿಗೆ ಏಳು ವರ್ಷದ ಹುಡುಗಿಯ ಬಾಯಲ್ಲಿರುವ ಅಕ್ಕಿಕಾಳಿನಷ್ಟು ಹಲ್ಲು ಯಾವ ಲೆಕ್ಕ?

"ರಜೆ ಶುರುವಾಗೋದ್ರೊಳಗೆ ಉದುರಿಸ್ತೀನಿ! ಉದುರಿಸದಿದ್ರೆ ನನ್ನ ಉಳಿ, ಸುತ್ತಿಗೆ ಎಲ್ಲಾ ಅಟ್ಟಕ್ಕೆ ಹಾಕ್ತೀನಿ!" ಎಂದು ಊಟದ ಮೇಜು ಗುದ್ದಿ ಭೀಷಣ ಪ್ರತಿಜ್ಞೆ ಮಾಡಿದೆ. ಆ ಮೇಜನ್ನೂ ನಾನೇ ಮಾಡಿದ್ದು. ಅದರ ಒಂದು ಕಾಲು ಅಲುಗಾಡಿತು. ಹೆಂಡತಿ ತನ್ನ ನೀರಿನ ಲೋಟವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡಳು.

ಪ್ರತಿಜ್ಞೆಗೆ ಕಾರಣ ನಮ್ಮ ಮಗಳು. ಮನೆಯಲ್ಲಿ ನಾವು ಕರೆಯುವುದು ಚೂಟಿ ಅಂತ. ಅವಳ ತರಗತಿಯಲ್ಲೊಂದು ಪದ್ಧತಿ. ಯಾರಿಗೆ ಹಾಲುಹಲ್ಲು ಬೀಳುತ್ತದೋ ಅವರು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಟೀಚರಿಗೆ ತೋರಿಸಬೇಕು. ಆ ದಿನ ಶಾಲೆ ಬಿಡುವ ಗಂಟೆ ಹೊಡೆಯುವ ಅಧಿಕಾರ ಅವರದೇ. ಗಂಟೆ ಹೊಡೆದ ಕೂಡಲೇ ಇಡೀ ತರಗತಿ ಒಂದೇ ಉಸಿರಿಗೆ, "ಇವತ್ತಿಂದ ನೀನು ದೊಡ್ಡವಳು!" ಅಂತಲೋ "ದೊಡ್ಡವನು!" ಅಂತಲೋ ಕೂಗುತ್ತದೆ. ತರಗತಿಯ ಎಲ್ಲರೂ ದೊಡ್ಡವರಾಗಿ ಮುಗಿದಿತ್ತು. ದಿನಾ ಶಾಲೆಯ ಗೇಟಿನಲ್ಲಿ ಅಮ್ಮನ ಸೆರಗು ಹಿಡಿದು ಅಳುವ ಹುಡುಗಿ ಕೂಡ ಎರಡೆರಡು ಸಲ ದೊಡ್ಡವಳಾಗಿದ್ದಳು! ಚೂಟಿಯ ಹಲ್ಲು ಮಾತ್ರ ಒಂದೂ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನಾನೊಬ್ಳೇ ಇನ್ನೂ ಪಾಪು ಅಂತೆ ಅಪ್ಪಾ," ಎಂದು ಅವಳು ದಿಂಬಿಗೆ ಮುಖ ಒತ್ತಿ ಬಿಕ್ಕಿದ್ದಳು. ವರ್ಷ ಮುಗಿಯುತ್ತ ಬಂದಿತ್ತು. ರಜೆ ಕಳೆದರೆ ಬೇರೆ ತರಗತಿ, ಬೇರೆ ಟೀಚರು. ಅಲ್ಲಿ ಗಂಟೆಯೂ ಇಲ್ಲ, ಕೂಗೂ ಇಲ್ಲ.

ನನ್ನ ಹೆಂಡತಿ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನು ತೆಗೆದುಕೊಳ್ಳುವವಳು. ಬೆಳಗಿನಿಂದ ಸಂಜೆವರೆಗೆ ಜನರ ಬೈಗುಳ ಕೇಳಿ ಕೇಳಿ ಅವಳಿಗೆ ಒಂದು ಥರದ ಸ್ಥಿತಪ್ರಜ್ಞತೆ ಸಿದ್ಧಿಸಿಬಿಟ್ಟಿದೆ.

"ರೀ, ಹಲ್ಲು ತಾನಾಗೇ ಬರುತ್ತೆ, ತಾನಾಗೇ ಹೋಗುತ್ತೆ. ನೀವು ಕೈ ಹಾಕಬೇಡಿ," ಎಂದಳು.

"ಕೈ ಹಾಕದೆ ಲೋಕದಲ್ಲಿ ಏನು ತಾನೇ ಆಗುತ್ತೆ?"

"ನೀವು ಕೈ ಹಾಕಿದ ಬಚ್ಚಲುಮನೆ ನಲ್ಲಿ ಈಗಲೂ ಸೋರ್ತಾ ಇದೆ."

"ಅದು ನಲ್ಲಿ ಕಣೇ! ನಾನು ಬಡಗಿ!"

"ಇದು ಹಲ್ಲು. ಈಗಲೂ ನೀವು ಬಡಗೀನೇ."

ಇಂಥ ಮಾತಿಗೆಲ್ಲ ಬಗ್ಗುವ ಆಸಾಮಿಯೇ ನಾನು? ಮಾರನೇ ದಿನದಿಂದಲೇ ದಂಡಯಾತ್ರೆ ಶುರುವಾಯಿತು. ಮೊದಲ ಅಸ್ತ್ರ, ಗಟ್ಟಿ ಪದಾರ್ಥ. ಕ್ಯಾರೆಟ್ಟು, ಸೇಬು, ಒಣಗಿ ಹಲಗೆಯಂತಾದ ಬ್ರೆಡ್ಡು. "ಕಚ್ಚು ಮಗಳೇ, ಇನ್ನೂ ಜೋರಾಗಿ ಕಚ್ಚು!" ಎಂದು ಪಕ್ಕದಲ್ಲೇ ಕೂತು ಹುರಿದುಂಬಿಸಿದೆ. ಪಾಪದ ಮಗು ಅಪ್ಪನ ಮೇಲಿನ ನಂಬಿಕೆಯಿಂದ ಕಚ್ಚಿಯೇ ಕಚ್ಚಿತು. ವಾರ ಕಳೆಯುವಷ್ಟರಲ್ಲಿ ತರಕಾರಿ ಅಂಗಡಿಯವಳು, "ಮನೇಲಿ ಮೊಲ ಸಾಕಿದೀರಾ?" ಎಂದು ಕೇಳಿದಳು. ಹಲ್ಲು ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಶಾಲೆ ಬೇಗ ಬಿಟ್ಟ ಒಂದು ಮಧ್ಯಾಹ್ನ, ಹೆಂಡತಿ ಕಚೇರಿಗೆ ಹೋಗಿದ್ದಾಗ, ಚೂಟಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ಬಾಯಿ ತೆಗೆಸಿ ಟಾರ್ಚು ಬಿಟ್ಟೆ. ಕೆಳಗಿನ ಸಾಲಿನ ಮುಂದಿನ ಹಲ್ಲನ್ನು ಮೆಲ್ಲಗೆ ಒತ್ತಿದೆ. ಆಹಾ! ಕೂದಲೆಳೆಯಷ್ಟು ಅಲುಗಾಡಿತು! ಹಿಗ್ಗಿ ಹೀರೇಕಾಯಾಗಿ ಇನ್ನಷ್ಟು ಬಗ್ಗಿ ನೋಡಿದರೆ, ಅಯ್ಯೋ! ಆ ಹಲ್ಲಿನ ಹಿಂದೆ, ನಾಲಿಗೆಯ ಕಡೆಗೆ, ಇನ್ನೊಂದು ಹಲ್ಲು ತಲೆ ಎತ್ತುತ್ತಿತ್ತು! ಹಳೆಯ ಚೌಕಟ್ಟು ಕೀಳದೆ ಅದರ ಹಿಂದೆಯೇ ಹೊಸ ಚೌಕಟ್ಟು ಕೂರಿಸಿದ ಹಾಗೆ! ಇದು ಯಾವ ಮೇಸ್ತ್ರಿಯ ಕೆಲಸ? ಹೆಂಡತಿಗೆ ಫೋನು ಹಚ್ಚಿದೆ.

"ನಮಸ್ಕಾರ, ದೂರು ವಿಭಾಗ."

"ಲೇ, ನಾನು ಕಣೇ! ಒಂದರ ಹಿಂದೆ ಇನ್ನೊಂದು ಎದ್ದು ನಿಂತಿದೆ!"

"ನಿಮ್ಮ ಬೀದಿಯ ಕಂಬದ ನಂಬರ್ ಹೇಳಿ."

"ಕಂಬ ಅಲ್ವೇ, ಹಲ್ಲು! ನಮ್ಮ ಚೂಟಿಗೆ ಎರಡನೇ ಸಾಲು ಬರ್ತಾ ಇದೆ!"

ಆ ಕಡೆ ಒಂದು ನಿಟ್ಟುಸಿರು. "ನೋವಿದ್ಯಾ?"

"ಇಲ್ಲ."

"ರಕ್ತ?"

"ಇಲ್ಲ."

"ಹಾಗಾದ್ರೆ ನಿಮ್ಮ ದೂರು ದಾಖಲಾಗಿದೆ. ಅರ್ಧ ದಿನ ರಜೆ ಹಾಕಿ ಬರ್ತೀನಿ, ಡಾಕ್ಟರ ಹತ್ರ ಹೋಗೋಣ. ಅಲ್ಲೀವರೆಗೂ ಏನನ್ನೂ ಮುಟ್ಬೇಡಿ. ಮುಖ್ಯವಾಗಿ ಮಗೂನ ಮುಟ್ಬೇಡಿ."

ಮುಟ್ಟಬೇಡಿ ಎಂದರೆ ನನ್ನ ಕೈ ಕೇಳಬೇಕಲ್ಲ! ಡಾಕ್ಟರು ಕೀಳುವ ಹಲ್ಲನ್ನು ಅಪ್ಪನೇ ಕಿತ್ತರೆ ಮಗಳಿಗೆ ನಾಳೆಯೇ ಗಂಟೆ! ಗಟ್ಟಿ ನೂಲಿನ ದಾರ ತಂದೆ. ಒಂದು ತುದಿಯನ್ನು ಹಲ್ಲಿಗೂ ಇನ್ನೊಂದನ್ನು ಮುಂಬಾಗಿಲಿನ ಹಿಡಿಕೆಗೂ ಕಟ್ಟಿದೆ. ಬಾಗಿಲು ಧಡಾರನೆ ಮುಚ್ಚಬೇಕು, ಹಲ್ಲು ಟಪ್ಪನೆ ಹಾರಬೇಕು. ಎಂಥಾ ಸರಳ, ಎಂಥಾ ಘನವಾದ ಯೋಜನೆ!

"ನೋವಾಗುತ್ತಾ ಅಪ್ಪಾ?"

"ಗೊತ್ತೇ ಆಗಲ್ಲ ಪುಟ್ಟಾ. ಕಣ್ಣು ಮುಚ್ಚು."

ಬಾಗಿಲನ್ನು ಬಲವಾಗಿ ತಳ್ಳಿದೆ. ಆದರೆ ಸ್ವಾಮಿ, ಅದು ಯಾರು ಕೂರಿಸಿದ ಬಾಗಿಲು? ನಾನು ಕೂರಿಸಿದ್ದು! ಗಾಳಿಗೆ ಬಡಿದುಕೊಳ್ಳಬಾರದೆಂದು ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಯಂತ್ರವನ್ನು ಅದರ ನೆತ್ತಿಗೆ ನಾನೇ ಸಿಕ್ಕಿಸಿದ್ದೆ. ನಾನೆಷ್ಟೇ ತಳ್ಳಿದರೂ ಬಾಗಿಲು ಪಟ್ಟದ ರಾಣಿಯ ಹಾಗೆ ಒಯ್ಯಾರದಿಂದ ಹೊರಟಿತು. ದಾರ ಬಿಗಿಯಾಯಿತು. ಚೂಟಿ ಒಂದು ಹೆಜ್ಜೆ ಮುಂದೆ ಬಂದಳು.

"ಅಪ್ಪಾ, ಬಾಗಿಲು ಹೋಗ್ತಾ ಇದೆ."

"ಅದು ಹೋಗಲಿ, ನೀನು ಹೋಗಬೇಡ! ನಿಂತ್ಕೋ!"

"ನಿಂತ್ರೆ ಎಳೆಯುತ್ತೆ."

"ಎಳೀಲಿ ಅಂತಾನೇ ಕಟ್ಟಿರೋದು!"

"ಎಳೆದ್ರೆ ನಾನು ಬರಲೇಬೇಕಲ್ಲಾ!"

ಹೀಗೆ ಬಾಗಿಲೂ ಮಗಳೂ ಜೊತೆಜೊತೆಯಾಗಿ ನಡೆದು, ಬಾಗಿಲು ಹೂವಿನಂತೆ ಮುಚ್ಚಿಕೊಂಡಿತು. ಚೂಟಿಯ ಮೂಗು ಅದಕ್ಕೆ ಅಂಟಿಕೊಂಡಿತ್ತು. "ಎಷ್ಟು ಚೆನ್ನಾಗಿ ಮುಚ್ಚುತ್ತಪ್ಪಾ ನಿನ್ನ ಬಾಗಿಲು!" ಎಂದು ಅವಳು ಮನಸಾರೆ ಹೊಗಳಿದಳು.

ಸೋಲೊಪ್ಪಿಕೊಂಡು ಅವಳ ಹಲ್ಲಿನ ದಾರ ಬಿಚ್ಚಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಹಿಡಿಕೆಯ ಕಡೆಯ ಗಂಟು ಮಾತ್ರ ಬಿಚ್ಚಲಿಲ್ಲ. ನಾನು ಹಾಕಿದ ಗಂಟಲ್ಲವೇ! ಬಗ್ಗಿ, ಹಿಡಿಕೆಗೆ ದವಡೆ ತಾಗಿಸಿ, ದಾರವನ್ನು ಹಲ್ಲಲ್ಲಿ ಕಡಿಯುತ್ತಿದ್ದೆ. ಅದೇ ಹೊತ್ತಿಗೆ ಹೊರಗಿನಿಂದ ಬೀಗದಲ್ಲಿ ಕೀಲಿ ತಿರುಗಿತು. ಮಗುವಿಗೆ ಏನಾಯಿತೋ ಎಂಬ ಗಾಬರಿಯಲ್ಲಿ ಓಡಿಬಂದ ನನ್ನ ಹೆಂಡತಿ ಬಾಗಿಲಿಗೆ ಭುಜ ಕೊಟ್ಟು ಒಂದೇ ಏಟಿಗೆ ನೂಕಿದಳು. ಆ ಯಂತ್ರದ ನಿಧಾನವೆಲ್ಲ ಮುಚ್ಚುವಾಗ ಮಾತ್ರ. ತೆರೆಯುವಾಗ ಅದಕ್ಕೆ ಯಾವ ಹಂಗೂ ಇಲ್ಲ.

ಧಡ್!

ಹಾಡಹಗಲೇ ನಕ್ಷತ್ರ ಕಂಡವು. ನೆಲದ ಮೇಲೆ ಕುಕ್ಕರಿಸಿದೆ. ಏನೋ ಬಿಳಿಯದು ಟಣ್ ಟಣ್ ಎಂದು ಪುಟಿದು ಮೇಜಿನ ಕೆಳಗೆ ಉರುಳಿತು.

"ಹಲ್ಲು ಬಿತ್ತು! ಅಮ್ಮಾ, ಹಲ್ಲು ಬಿತ್ತು!" ಚೂಟಿ ಕುಣಿದಳು.

ಹೆಂಡತಿ ಓಡಿಹೋಗಿ ಅವಳ ಬಾಯಿ ತೆರೆದು ನೋಡಿದಳು. "ಎಲ್ಲಾ ಇದೆಯಲ್ಲೇ! ಮತ್ತೆ ಇದು ಯಾರದು?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಏನೂ ಆಗಿಲ್ಲ" ಎನ್ನಲು ನಾನು ಬಾಯಿ ತೆರೆದೆ. ಆಗಿದ್ದೆಲ್ಲ ಅವರಿಗೆ ಕಾಣಿಸಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎನ್ನುತ್ತ ಹೆಂಡತಿ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ನನ್ನ ಕೆನ್ನೆಗೆ ಒತ್ತಿದಳು. ಆಮೇಲೆ ಎಮ್ಮೆಯನ್ನೂ ಕರುವನ್ನೂ ಒಟ್ಟಿಗೆ ಹೊರಡಿಸಿದಳು.

ಹಲ್ಲಿನ ಡಾಕ್ಟರಮ್ಮ ನಾವು ಬಿದ್ದ ಹಲ್ಲನ್ನು ಕಟ್ಟಿ ತಂದಿದ್ದ ಕರವಸ್ತ್ರದ ಗಂಟು ಬಿಚ್ಚಿ ನೋಡಿ, "ಭೇಷ್ ಪುಟ್ಟಿ! ನಿನ್ನ ಹಾಲುಹಲ್ಲು ಪೂರ್ತಿಯಾಗೇ ಬಿದ್ದಿದೆ," ಎಂದರು.

"ನಂದಲ್ಲ, ಅಪ್ಪಂದು," ಎಂದಳು ಚೂಟಿ.

ಡಾಕ್ಟರಮ್ಮ ಹಲ್ಲು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಲ್ಲು ನೋಡಿದರು. "ಅಲ್ಲಾರೀ, ಇದು ಹಾಲುಹಲ್ಲು!"

"ನನಗೆ ನಲವತ್ತೆರಡು ವರ್ಷ ಡಾಕ್ಟ್ರೇ!"

"ನಿಮಗಿರಬಹುದು. ಆ ವಿಷಯ ಹಲ್ಲಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ."

ಇಬ್ಬರಿಗೂ ಎಕ್ಸ್‌ರೇ ಆಯಿತು. ಪರದೆಯ ಮೇಲೆ ಚೂಟಿಯ ದವಡೆ ಮೂಡಿದಾಗ ನಾನು ನೋವು ಮರೆತು ಬೆರಗಾದೆ. ಪುಟ್ಟ ಹಾಲುಹಲ್ಲುಗಳ ಬುಡದಲ್ಲಿ, ಮೂಳೆಯೊಳಗೆ, ದೊಡ್ಡ ದೊಡ್ಡ ಹಲ್ಲುಗಳು ತಮ್ಮ ಸರದಿಗಾಗಿ ಕಾಯುತ್ತ ಸಾಲಾಗಿ ಕೂತಿದ್ದವು!

"ನೋಡು ಪುಟ್ಟಿ," ಎಂದು ಡಾಕ್ಟರಮ್ಮ ತೋರಿಸಿದರು. "ಹೊಸ ಹಲ್ಲು ಮೇಲಕ್ಕೆ ಬರ್ತಾ ಬರ್ತಾ ಹಾಲುಹಲ್ಲಿನ ಬೇರು ಸ್ವಲ್ಪಸ್ವಲ್ಪವೇ ಕರಗುತ್ತೆ. ಪೂರ್ತಿ ಕರಗಿದ ದಿನ ಅದು ತಾನಾಗೇ ಕೈಗೆ ಬರುತ್ತೆ. ಕೆಳಗಿನ ಮುಂದಿನ ಹಲ್ಲು ಹೀಗೆ ಹಿಂದಿನಿಂದ ಇಣುಕೋದು ಮಾಮೂಲು. ಹಳೇದು ಬಿದ್ದ ಮೇಲೆ ನಾಲಿಗೆಯೇ ತಳ್ಳಿ ತಳ್ಳಿ ಸಾಲಿಗೆ ತರುತ್ತೆ. ಎರಡು ಮೂರು ತಿಂಗಳಾದ್ರೂ ಬೀಳದಿದ್ರೆ ಬಾ, ನೋಡೋಣ. ದಾರ, ಬಾಗಿಲು ಇವೆಲ್ಲ ಬೇಡ." ಕೊನೆಯ ವಾಕ್ಯ ಹೇಳುವಾಗ ಅವರು ನನ್ನನ್ನೇ ನೋಡುತ್ತಿದ್ದರು. "ಈಗ ಬಾಯಲ್ಲಿ ತೀರಾ ಹಿಂದಕ್ಕೆ ಬೆರಳಿಟ್ಟು ನೋಡು. ಅಗಲವಾಗಿ ಒಂದು ಹಲ್ಲಿದೆಯಾ?"

ಚೂಟಿ ಬೆರಳಿಟ್ಟು ಹೌದೆಂದು ತಲೆಯಾಡಿಸಿದಳು.

"ಅದು ಹಾಲುಹಲ್ಲಲ್ಲ, ದೊಡ್ಡವರ ಹಲ್ಲು! ಆರನೇ ವರ್ಷದ ಹೊತ್ತಿಗೆ ಮೇಲೆ ಎರಡು, ಕೆಳಗೆ ಎರಡು ಬರುತ್ತೆ. ಅದಕ್ಕಾಗಿ ಯಾವ ಹಲ್ಲೂ ಬೀಳಬೇಕಿಲ್ಲ, ದವಡೆ ಬೆಳೆದು ಜಾಗ ಮಾಡ್ಕೊಡುತ್ತೆ. ಅದಕ್ಕೇ ಮನೆಯವರಿಗೆ ಗೊತ್ತೇ ಆಗಲ್ಲ."

"ಹಾಗಾದ್ರೆ ನಾನು ಪಾಪು ಅಲ್ವಾ?"

"ನೀನು ದೊಡ್ಡವಳಾಗೋಕೆ ಶುರುಮಾಡಿ ಬಹಳ ದಿನ ಆಯ್ತು ಪುಟ್ಟಿ."

ಮಗಳ ಮುಖ ಅರಳಿದ ರೀತಿ ನೋಡಿ ನನ್ನ ಕಣ್ಣು ತುಂಬಿಬಂತು. ನೋವಿಗಲ್ಲ, ಖಂಡಿತ ನೋವಿಗಲ್ಲ. ಬೀಳದ ಹಲ್ಲನ್ನೇ ಎಣಿಸುತ್ತ ಕೂತ ನಮಗೆ ಬಂದ ಹಲ್ಲು ಕಂಡೇ ಇರಲಿಲ್ಲ.

ಆಮೇಲೆ ನನ್ನ ಎಕ್ಸ್‌ರೇ ಬಂತು. "ನಿಮಗೆ ಆ ಜಾಗದಲ್ಲಿ ದೊಡ್ಡ ಹಲ್ಲು ಹುಟ್ಟೇ ಇಲ್ಲ. ಕೆಲವರಿಗೆ ಹೀಗಾಗುತ್ತೆ. ಕೆಳಗಿಂದ ತಳ್ಳೋರು ಯಾರೂ ಇಲ್ಲದೆ ಹಾಲುಹಲ್ಲು ಹಾಯಾಗಿ ಕೂತಿತ್ತು. ಬೇರು ವರ್ಷಗಟ್ಟಲೆ ಸವೆದಿದೆ, ಬಾಗಿಲು ಒಂದು ನೆಪ. ನೋಡಿ, ಒಳಗೆ ಪೂರ್ತಿ ಖಾಲಿ," ಎಂದರು ಡಾಕ್ಟರಮ್ಮ.

"ಖಾಲಿ ಅನ್ನೋದು ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು ಡಾಕ್ಟ್ರೇ," ಎಂದಳು ನನ್ನ ಹೆಂಡತಿ.

ಮಾರನೇ ದಿನ ಶಾಲೆಯ ಕೊನೆಯ ದಿನ. ಚೂಟಿಯ ಹಲ್ಲು ಅಲುಗಾಡುತ್ತಿತ್ತೇ ಹೊರತು ಬಿದ್ದಿರಲಿಲ್ಲ. ನಾನು ಅವಳನ್ನು ಪಕ್ಕಕ್ಕೆ ಕರೆದು, "ನನ್ನ ಹಲ್ಲು ತೊಗೊಂಡು ಹೋಗು ಪುಟ್ಟಾ. ಅದೂ ಹಾಲುಹಲ್ಲೇ. ಅದರ ಮೇಲೆ ಹೆಸರು ಬರೆದಿದೆಯಾ?" ಎಂದು ಪಿಸುಗುಟ್ಟಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆದರೂ ಹಲ್ಲನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಟೀಚರಿಂದ ಫೋನು. "ಶಾಲೆ ಬಿಡೋ ಹೊತ್ತಿಗೆ ಇಬ್ಬರೂ ಬರಬೇಕು." ಸಿಕ್ಕಿಬಿದ್ದೆ ಅಂದುಕೊಂಡೆ. ಹೆಂಡತಿಗೂ ಬರಹೇಳಿ, ತಲೆಯ ತುಂಬಾ ಮರದ ಪುಡಿ ಹೊತ್ತುಕೊಂಡೇ ಓಡಿದೆ.

ಹೋಗಿ ನೋಡಿದರೆ ಇಡೀ ತರಗತಿಯ ಮಕ್ಕಳು ಬಾಯೊಳಗೆ ಬೆರಳಿಟ್ಟುಕೊಂಡು ಹಿಂದಿನ ಹಲ್ಲು ಹುಡುಕುತ್ತಿದ್ದರು! ಚೂಟಿ ಮುಂದೆ ನಿಂತು, "ಇನ್ನೂ ಹಿಂದೆ! ಇನ್ನೂ ಹಿಂದೆ!" ಎಂದು ಪಾಠ ಮಾಡುತ್ತಿದ್ದಳು.

"ಬೆಳಗ್ಗೆ ಬಂದವಳೇ ಎಲ್ಲಾ ನಿಜ ಹೇಳಿದಳು," ಎಂದರು ಟೀಚರು, ನಗು ತಡೆಯುತ್ತ. "ದೊಡ್ಡ ಹಲ್ಲು ಬಂದಿದೆಯಲ್ಲ, ನೀನೇ ಗಂಟೆ ಹೊಡಿ ಅಂದೆ. ಒಪ್ಪಲಿಲ್ಲ. 'ನಂದು ಬಿದ್ದ ದಿನ ಬಂದು ಹೊಡೀತೀನಿ, ಇವತ್ತು ಬಿದ್ದಿರೋದು ಅಪ್ಪಂದು' ಅಂದಳು. ಯಾವ ತರಗತೀಲಿದ್ರೂ ಬಾ, ನಿನ್ನ ಗಂಟೆ ನಿನಗೇ ಅಂತ ಮಾತು ಕೊಟ್ಟಿದೀನಿ. ಇವತ್ತಿನದು ನಿಮ್ಮದು. ಬನ್ನಿ."

"ನನಗೆ... ಅಂಗಡೀಲಿ ಕೆಲಸ ಇತ್ತು..." ಎಂದೆ.

"ಹೆದರಬೇಡ ಅಪ್ಪಾ, ನಾನು ಪಕ್ಕದಲ್ಲೇ ಇರ್ತೀನಿ," ಎಂದು ಚೂಟಿ ನನ್ನ ಕೈಗೆ ಸುತ್ತಿಗೆ ಕೊಟ್ಟು, ಇನ್ನೊಂದು ಕೈ ಹಿಡಿದುಕೊಂಡಳು.

ಜೀವಮಾನವೆಲ್ಲ ಸುತ್ತಿಗೆ ಹಿಡಿದವನು ಅವತ್ತು ಹೊಸಬನ ಹಾಗೆ ಅಳೆದು ಅಳೆದು ಹೊಡೆದೆ. ಢಣ್! ಢಣ್! ಢಣ್! ಮಕ್ಕಳೆಲ್ಲ ಎದ್ದು ನಿಂತು, ಹೆಂಚು ಹಾರಿಹೋಗುವ ಹಾಗೆ ಒಂದೇ ಉಸಿರಿಗೆ ಕೂಗಿದರು: "ಇವತ್ತಿಂದ ನೀವು ದೊಡ್ಡವರು!"

ನನ್ನ ಹೆಂಡತಿ ಮೆಲ್ಲಗೆ ಟೀಚರ ಬಳಿ ಸರಿದು ಹೇಳಿದಳು: "ಇದನ್ನ ಸ್ವಲ್ಪ ಶಾಲೆ ಮೊಹರು ಹಾಕಿ ಬರೆದು ಕೊಡ್ತೀರಾ ಮೇಡಂ? ಬರೀ ಬಾಯಿಮಾತು ನಮ್ಮ ಮನೇಲಿ ಯಾರೂ ನಂಬಲ್ಲ."