ನನ್ನ ತಲೆಯ ಮೇಲಿದ್ದ ಕೇಸು

ತಲೆಗೆ ಹಚ್ಚುವ ಎಣ್ಣೆ ಆರಿಸಲು ಬುದ್ಧಿ ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಮರಾಠಿ ಗಡಿಯ ಉಮದಿಯ ಬಾಜಾರಿನಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುವವನು ನಾನು. ಯಾವ ಹೊಲಕ್ಕೆ ಯಾವ ಜೋಳ ಹಾಕಬೇಕು ಎಂದು ಊರಿಗೆಲ್ಲ ಹೇಳಿಕೊಡುವವನಿಗೆ ಸ್ವಂತ ತಲೆಯ ಫಸಲು ನೋಡಿಕೊಳ್ಳಲು ಬರುವುದಿಲ್ಲವೇ?

ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ. ನಾನು ಬೋಳನಲ್ಲ! ಕೂದಲು ಬೇಕಾದಷ್ಟಿವೆ. ಆದರೆ ಒಂದೊಂದು ಎಳೆಯೂ ಗೊಂಜಾಳ, ಅಂದರೆ ಮೆಕ್ಕೆಜೋಳದ ತೆನೆಯ ಜುಟ್ಟಿನಷ್ಟು ಸಣ್ಣ. ಎಣ್ಣೆ ಹಚ್ಚದಿದ್ದರೆ ಟೋಪಿ ತೆಗೆದ ಕೂಡಲೇ ಎದ್ದು ನಿಲ್ಲುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಸತ್ತು ಮಲಗುತ್ತವೆ. ನಡುವಿನ ದಾರಿಯೇ ಅವಕ್ಕೆ ಗೊತ್ತಿಲ್ಲ.

ಇಷ್ಟು ವರ್ಷ ಟೋಪಿಯ ಕೆಳಗೆ ಮಾನ ಮುಚ್ಚಿಕೊಂಡು ಬದುಕಿದ್ದೆ. ಆದರೆ ಮಗಳು ಸುಜಾತಾಳ ನಿಶ್ಚಯ ಬಂತು. ಹುಡುಗ ಇಂಡಿ ಕಡೆಯವನು, ಕನ್ನಡ ಸಾಲಿಯ ಮಾಸ್ತರ. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಯಾವುದಕ್ಕೂ ಒಂದೇ ಸಲಕ್ಕೆ ಹೂಂ ಅನ್ನದ ನನ್ನ ಮಗಳು ಈ ಹುಡುಗನ ಹೆಸರು ಬಂದರೆ ಸಾಕು, ಅಡುಗೆಮನೆಗೆ ಓಡಿಹೋಗಿ ಹಾಡು ಗುನುಗುತ್ತಿದ್ದಳು. ಸೋಮವಾರ ಅವರ ಹಿರಿಯರು ಬಂದು ಮಾತು ಮುಗಿಸುವುದೊಂದೇ ಬಾಕಿ. ಹಿರಿಯರ ಮುಂದೆ ಟೋಪಿ ತೆಗೆದು ಕೈ ಮುಗಿಯುವಾಗ ಕೂದಲು ಎದ್ದು ನಿಲ್ಲಬಾರದು, ಅಷ್ಟೇ ನನ್ನ ಆಸೆ.

ಬಸೀರಭಾಯಿಯ ಅಂಗಡಿಗೆ ಹೋದೆ. ಸ್ನೋ, ಪೌಡರು, ಬಳೆ, ಅತ್ತರು ಎಲ್ಲ ಮಾರುವವನು.

"ಸಣ್ಣ ಕೂದಲಿಗೆ ಒಂದ ಚಲೋ ಎಣ್ಣಿ ಕೊಡಪಾ" ಎಂದೆ.

"ಎಷ್ಟ ಸಣ್ಣರೀ ಸಾವಕಾರ್ರ? ಈಗ ಕಟಿಂಗ್ ಮಾಡಿಸೀರೇನ?"

"ಉದ್ದ ಕೇಳಬ್ಯಾಡೋ! ದಪ್ಪ ಕೇಳು!"

"ಹಾಂ, ದಪ್ಪ ಕೂದಲಿಗೆ ಬ್ಯಾರೇನ ಐತ್ರಿ" ಎಂದು ಇನ್ನೊಂದು ಬಾಟಲಿ ಇಳಿಸಿದ.

ನನ್ನ ತಲೆ ಕೆಟ್ಟಿತು. "ಕೇಸ್ ಬಾರೀಕ್ ಅದಾವಪಾ, ಬಾರೀಕ್!" ಎಂದು ಮರಾಠಿ ಬೆರೆಸಿ ಒದರಿದೆ. ಮರಾಠಿಯಲ್ಲಿ ಕೇಸ್ ಎಂದರೆ ಕೂದಲು, ಬಾರೀಕ್ ಎಂದರೆ ನಯವಾದ, ಸಣ್ಣ ಎಳೆಯ. ಅವನ ಮುಖ ಅರಳಿತು.

"ಹಂಗಂತ ಮೊದಲ ಅನ್ನಬಾರದೇನ್ರಿ! ತಗೋರಿ, ಇದು ಹಚ್ಚಿ ಬಿಡೂ ಎಣ್ಣಿ. ತೊಳಿಯೂದ ಇಲ್ಲ. ಎರಡ ಹನಿ ಹಾಕೋರಿ ಅಂತ ಇದರ ಮ್ಯಾಲ ಬರದಾರ."

ಎರಡು ಹನಿ! ಇದೇನು ಕಣ್ಣಿಗೆ ಬಿಡುವ ಔಷಧವೇ? ಒಂದು ಎಕರೆಗೆ ಎರಡು ಕಾಳು ಬಿತ್ತಿದರೆ ಫಸಲು ಬರುತ್ತದೆಯೇ? ಮನೆಗೆ ಬಂದವನೇ ಅಂಗೈ ತುಂಬ ಸುರಿದುಕೊಂಡೆ. ಸಾಲದೆನಿಸಿತು. ಇನ್ನೊಂದು ಅಂಗೈ.

ಮಹಾನಂದಾ, ನನ್ನ ಹೆಂಡತಿ, ಹೊರಗೆ ಬಂದು ನನ್ನನ್ನು ನೋಡಿ ಆಕಾಶ ನೋಡಿದಳು.

"ಯಾಕ್ರಿ, ಹೊರಗ ಮಳಿ ಬಂತೇನ?"

"ಎಣ್ಣಿ ಹಚ್ಚೇನಿ!"

"ಹಚ್ಚೀರೋ, ಅದರಾಗ ಬಿದ್ದ ಎದ್ದೀರೋ? ನಡೀರಿ, ಸೀಗಿಕಾಯಿ ಹಚ್ಚಿ ತೊಳೀತೇನಿ."

"ಇದು ತೊಳಿಯೂ ಎಣ್ಣಿ ಅಲ್ಲ!" ಎಂದು ಗುಡುಗಿದೆ. ರೊಕ್ಕ ಕೊಟ್ಟು ತಂದದ್ದನ್ನು ತೊಳೆದು ಮೋರಿಗೆ ಹಾಕಲೇ? ಮರುದಿನ ಉಮದಿಯ ಧೂಳೆಲ್ಲ ಬಂದು ನನ್ನ ತಲೆಯಲ್ಲಿ ಮನೆ ಮಾಡಿತು. ಕೂದಲು ಗಂಟುಗಂಟಾಗಿ ಅಂಟಿಕೊಂಡು, ಬೈತಲೆ ಜತ್ತಿಗೆ ಹೋಗುವ ರಸ್ತೆಯಷ್ಟು ಅಗಲವಾಯಿತು.

ಬಾಟಲಿಯ ಮೇಲೆ ಕಂಪನಿಯ ಫೋನ್ ನಂಬರಿತ್ತು. ಮನೆಯಲ್ಲಿ ಮಾತಾಡಿದರೆ ಮಹಾನಂದಾ ನಗುತ್ತಾಳೆ. ಅದಕ್ಕೇ ಬಸ್ ಸ್ಟ್ಯಾಂಡಿನ ಚಹಾದ ಹೋಟೆಲ್ಲಿಗೆ ಹೋಗಿ ಕುಳಿತು ಫೋನ್ ಹಚ್ಚಿದೆ. ಮರಾಠಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಎಂದರು. ಕನ್ನಡಕ್ಕೆ ಯಾವುದನ್ನೂ ಒತ್ತುವಂತಿರಲಿಲ್ಲ! ಆ ಸಿಟ್ಟೂ ಸೇರಿತು. ಆ ಕಡೆಯ ಹೆಣ್ಣುಮಗಳಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಎದ್ದು ನಿಂತು, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದೆ:

"ಮಾಝೇ ಕೇಸ್ ಬಾರೀಕ್ ಆಹೇತ! ಗುಂತಾ ಝಾಲಾಯ್! ಸಗಳಾ ಭಾಂಗ್ ದಿಸತೋಯ್! ಮಲಾ ನಿಕಾಲ್ ಪಾಹಿಜೇ!"

ನನ್ನ ಕೂದಲು ಸಣ್ಣ ಎಳೆಯವು, ಗಂಟುಬಿದ್ದಿವೆ, ಬೈತಲೆಯೆಲ್ಲ ಕಾಣುತ್ತಿದೆ, ನನಗೆ ಫಲಿತಾಂಶ ಬೇಕು. ಇಷ್ಟೇ ಅರ್ಥ. ಶುದ್ಧ ಮರಾಠಿ. ಹಿಂದಿನ ಬಾಕಿನ ಮೇಲೆ ಯಾರೋ ಅಪರಿಚಿತ ಹಿರಿಯರು ಚಹಾ ಕುಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನನ್ನ ಮರಾಠಿಗೆ ಬೆರಗಾಗಿದ್ದಾರೆ ಎಂದುಕೊಂಡೆ.

ಮರುದಿನ ಹುಡುಗನ ತಂದೆಯ ಫೋನು ಬಂತು.

"ಸಾವಕಾರ್ರ, ಸೋಮವಾರ ಬರೂದು ಆಗೂದಿಲ್ರಿ."

"ಯಾಕ್ರಿ, ಏನಾತು?"

"ನಿಮ್ಮ ಕೇಸ್ ಸುದ್ದಿ ತಿಳೀತ್ರಿ. ಮೊದಲ ಅವು ಮುಗೀಲಿ, ಆಮ್ಯಾಲ ನೋಡೂಣು."

ನನ್ನ ಮೈ ಉರಿಯಿತು. ನನ್ನ ಕೂದಲೆಲ್ಲ ಮುಗಿದು ಬೋಳಾಗುವ ತನಕ ಇವರು ಕಾಯುತ್ತಾರಂತೆ!

"ಮುಗ್ಯೂದು ಅಂದ್ರ ಏನ್ರಿ? ನನ್ನ ಕೇಸ್ ನಮ್ಮಪ್ಪನ ಕಾಲದಿಂದ ಹಿಂಗ ಅದಾವ! ನಮ್ಮ ಮನಿತನಕ್ಕ ಅದಾವ! ನಮ್ಮ ಅಜ್ಜಾ ಸಾಯೂತನಕ ಇದರಾಗ ಒದ್ದಾಡಿದಾ!"

ಅವರು ಮೆಲ್ಲಗೆ ಕೇಳಿದರು: "ನಿಮ್ಮ ಮಗಳಿಗೂ ಅದಾವೇನ್ರಿ?"

"ಇಲ್ಲದ ಏನ್ರಿ! ಆಕಿವು ನನಗಿಂತ ಉದ್ದ ಅದಾವ!" ಎಂದು ಹೆಮ್ಮೆಯಿಂದ ಹೇಳಿದೆ.

ಫೋನು ಕಟ್ಟಾಯಿತು.

ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಅಪ್ಪಾ, ಅವರಿಗೆ ಮರಾಠಿ ಬರೂದಿಲ್ಲ. ಅವರು ಕೇಳಿದ್ದು ಕೋರ್ಟಿನ ಕೇಸ್!" ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವ ಸದ್ದು ಕೇಳಿ ನನಗೆ ನನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ತಲೆಗೂದಲು ಕಿತ್ತುಕೊಳ್ಳಲು ಹೋದೆ. ಕೈ ಜಾರಿತು.

ಅದೇ ತಲೆಯ ಮೇಲೆ ಟೋಪಿ ಹಾಕಿಕೊಂಡು, ಮಹಾನಂದಾಳನ್ನು ಕರೆದುಕೊಂಡು ಇಂಡಿ ಕಡೆಯ ಬಸ್ಸು ಹತ್ತಿದೆ. ಹುಡುಗನ ಮನೆಯ ಪಡಸಾಲೆಯಲ್ಲಿ ನೋಡಿದರೆ, ಚಹಾದ ಹೋಟೆಲ್ಲಿನ ಆ ಹಿರಿಯರೇ ಕುಳಿತಿದ್ದಾರೆ! ಹುಡುಗನ ಸೋದರಮಾವ. ಮಾತು ಮುಗಿಸುವ ಮೊದಲು ಹೆಣ್ಣಿನ ಊರಿಗೆ ಒಬ್ಬರನ್ನು ಸದ್ದಿಲ್ಲದೆ ಚೌಕಶಿಗೆ, ಅಂದರೆ ವಿಚಾರಿಸಿ ಬರಲು, ಕಳಿಸುವುದು ನಮ್ಮ ಕಡೆಯ ರೂಢಿ. ಹೋಟೆಲ್ಲಿನವನನ್ನು ನನ್ನ ಬಗ್ಗೆ ಕೇಳಿದ್ದಾರೆ. ಅವನು "ಅಲ್ಲೇ ಒದರಾಕತ್ತಾರಲ್ರಿ, ಅವರ" ಎಂದು ಬೆರಳು ಮಾಡಿ ತೋರಿಸಿದ್ದಾನೆ.

"ನಾನ ಕಿವ್ಯಾರೆ ಕೇಳೇನ್ರಿ" ಎಂದರು ಮಾವ. "ಕೇಸ್ ತಾರೀಕ ಅಂದ್ರಿ. ಗುಂಟೆ ಅಂದ್ರಿ. ಸಗಳಾ ಭಾಂಗ ಅಂದ್ರಿ. ನಿಕಾಲ ಬೇಕ ಅಂದ್ರಿ. ಹೊಲದಾಗ ಭಂಗಿ ಬೆಳದು ಸಿಕ್ಕ ಬಿದ್ದೀರಿ, ಹೌದಲ್ಲೋ?"

ಬಾರೀಕ್ ತಾರೀಕಾಗಿತ್ತು. ಗಂಟುಬಿದ್ದ ಗುಂತಾ ಹೊಲದ ಗುಂಟೆಯಾಗಿತ್ತು. ನಾನು ಕೇಳಿದ ನಿಕಾಲ್ ಕೋರ್ಟಿನ ತೀರ್ಪಾಗಿತ್ತು. ಪಾಪದ ಬೈತಲೆ ನಶೆಯ ಸೊಪ್ಪಾಗಿತ್ತು! ಬಿಡಿಸಿ ಹೇಳಲು ನೋಡಿದೆ. ಸಿಟ್ಟಿನಲ್ಲಿ ನಾಲಿಗೆ ತೊದಲಿತು. ತೊದಲಿದಷ್ಟೂ ಅವರ ಅನುಮಾನ ಹೆಚ್ಚಿತು. ಕೊನೆಗೆ ಟೋಪಿ ಕಿತ್ತು ಚಾಪೆಯ ಮೇಲೆ ಒಗೆದು ತಲೆ ಬಗ್ಗಿಸಿದೆ.

"ನೋಡ್ರಿ! ಇದ ರೀ ನನ್ನ ಕೇಸ್! ಮರಾಠ್ಯಾಗ ಕೇಸ್ ಅಂದ್ರ ಕೂದಲ! ಕೂದಲ!"

ಒಳಗಿನಿಂದ ಹುಡುಗನ ಅಜ್ಜಿ ಬಂದರು. ಅವರ ಮಾತನ್ನು ಆ ಮನೆಯಲ್ಲಿ ಯಾರೂ ಮೀರುವುದಿಲ್ಲವೆಂದು ಎಲ್ಲರೂ ಎದ್ದು ನಿಂತದ್ದರಿಂದಲೇ ತಿಳಿಯಿತು. ನನ್ನ ತಲೆಯ ಮೇಲೆ ಒಂದು ಬೆರಳಾಡಿಸಿ, ಮೂಸಿ ನೋಡಿ, ಬೆರಳನ್ನು ಗೋಡೆಗೆ ಒರೆಸಿದರು.

"ಎಷ್ಟ ಸುರಕೊಂಡಿಯೋ ತಮ್ಮಾ?"

"ಎರಡ ಅಂಗೈರಿ."

ಅಜ್ಜಿ ಸೋದರಮಾವನ ಕಡೆ ತಿರುಗಿದರು. "ಸೋಮವಾರ ಎಲ್ಲಾರೂ ಹೋಗೂಣು ನಡೀರಿ. ಹುಡಗಿ ಚಲೋ ಐತಿ. ಇಂವಾ ಭಂಗಿ ಬೆಳಿಯೂವಷ್ಟ ಶ್ಯಾಣ್ಯಾ ಅಲ್ಲ."

ಹೀಗೆ, ಬುದ್ಧಿ ಸಾಲದು ಎಂಬ ಏಕೈಕ ಆಧಾರದ ಮೇಲೆ ನಾನು ನಿರ್ದೋಷಿಯಾಗಿ ಬಿಡುಗಡೆ ಹೊಂದಿದೆ. ಮಹಾನಂದಾ ಮನೆಗೆ ಫೋನ್ ಹಚ್ಚಿ ಸುದ್ದಿ ಹೇಳಿದಳು. ಆ ಕಡೆ ಸುಜಾತಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನಗೂ ಕಣ್ಣು ತುಂಬಿತು, ಅದು ಎಣ್ಣೆ ಇಳಿದದ್ದು ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಸಿಟ್ಟು ಏರಿತು. ಬುದ್ಧಿ ಇಲ್ಲ ಎಂದರಲ್ಲ! ನನಗೆ! ಬೀಗರಾದರೇನು, ಸೋಮವಾರ ಬರಲಿ, ಅಜ್ಜಿಗೆ ಕೇಳಿಯೇ ಬಿಡುತ್ತೇನೆ ಎಂದೆ.

"ಸುಮ್ಮಕ ಕುಂದ್ರಿ" ಎಂದಳು ಮಹಾನಂದಾ. "ಪುರಾವೆ ಇನ್ನೂ ನಿಮ್ಮ ತಲಿ ಮ್ಯಾಲ ಐತಿ."