ಎರಡನೇ ಪುಟಕ್ಕೆ ಹೋಗುವ ಟೇಬಲ್ಲು

ನಿಮ್ಮ ಸಣ್ಣಜ್ಜ ಹುಟ್ಟಿದಾಗ ತೊಟ್ಟಿಲಿಗೆ ಹಾಕಿದ್ದೇ ತಪ್ಪಾಯಿತು, ಮಕ್ಕಳೇ. ಸುತ್ತ ನಾಲ್ಕು ಗೆರೆ ಎಳೆದು ಒಂದು ಖಾನೆಯಲ್ಲಿ ಮಲಗಿಸಿದ್ದರೆ ಕೂಸು ಅಳದೆ ನಿದ್ದೆ ಮಾಡುತ್ತಿತ್ತು! ಇದನ್ನು ಆತನ ಮುಂದೆ ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಮಂದಿ ಕೂಡಿದಲ್ಲಿ ನನಗೆ ಮಾತೇ ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ನನ್ನ ಈ ಮೈದುನ ಹೈಸ್ಕೂಲಿನಲ್ಲಿ ಕ್ಲಾರ್ಕ್ ಆಗಿದ್ದವನು. ಆಯುಷ್ಯವೆಲ್ಲ ಪಟ್ಟಿ ಹಿಡಿದು ಹಾಜರಿ ಪುಸ್ತಕಕ್ಕೆ ಗೆರೆ ಎಳೆದ. ನಿವೃತ್ತಿಯಾದ ಮೇಲೆ ಮನೆಗೆ ಕಂಪ್ಯೂಟರ್ ತಂದ. ಮೊದಲ ದಿನವೇ ಅಡುಗೆಮನೆಗೆ ಓಡಿ ಬಂದ.

"ವೈನಿ, ಬರ್ರಿ ಇಲ್ಲೆ! ಪಟ್ಟಿ ಬ್ಯಾಡ, ಪೆನ್ಸಿಲ್ ಬ್ಯಾಡ. ಎಷ್ಟು ಸಾಲು, ಎಷ್ಟು ಖಾನೆ ಅಂತ ಹೇಳಿದ್ರ ಸಾಕು, ಟೇಬಲ್ ತಾನ ಬಂದು ನಿಂದರತೈತಿ!"

ಚೊಚ್ಚಲು ಮಗ ಹುಟ್ಟಿದಾಗಲೂ ಆತನ ಮುಖದಲ್ಲಿ ಅಂಥ ಕಳೆ ಇರಲಿಲ್ಲ.

ಮೊದಲ ಟೇಬಲ್ಲು ಬಚ್ಚಲಮನೆಯ ಬಾಗಿಲಿಗೆ ಅಂಟಿತು. ಯಾರು, ಎಷ್ಟು ಗಂಟೆಗೆ, ಎಷ್ಟು ಬಿಂದಿಗೆ ಬಿಸಿನೀರು! ಅದೇ ವಾರ ಕಬ್ಬೂರಿನಿಂದ ನಮ್ಮ ಬೀಗರು ಬಂದರು. ಬೆಳಗ್ಗೆ ಪಾಪ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರೆ ಸಣ್ಣಜ್ಜ ಅಡ್ಡ ನಿಂತ.

"ಸ್ವಲ್ಪ ತಡೀರಿ ಬೀಗರ, ನಿಮ್ಮ ಹೆಸರಿಲೆ ಒಂದು ಸಾಲು ಸೇರಸ್ತೀನಿ."

ಸಾಲು ಸೇರಿತು. ಆದರೆ ಕೊನೆಯ ಸಾಲು ಜಾರಿ ಎರಡನೇ ಪುಟಕ್ಕೆ ಹೋಯಿತು. ಅದನ್ನು ಮೇಲೆ ಎಳೆದರೆ ಅಕ್ಷರ ಇರುವೆಯಷ್ಟಾದವು. ಅಕ್ಷರ ದೊಡ್ಡದು ಮಾಡಿದರೆ ಮತ್ತೆ ಎರಡನೇ ಪುಟ! ಬೀಗರು ಒಂದು ತಾಸು ಟವೆಲ್ಲು ಹೊತ್ತು ನಿಂತರು. ಕಡೆಗೆ ದ್ರಾಕ್ಷಿ ತೋಟದ ಬೋರಿನ ನೀರಿಗೆ ಹೋಗಿ ಮಿಂದು, ಅತ್ತಲಿಂದತ್ತಲೇ ಬಸ್ ಹತ್ತಿದರು. ಇವನಿಗೆ ಒಂದೇ ಚಿಂತೆ: "ಈಗ ಆ ಸಾಲು ತೆಗೀಬೇಕಲ್ಲಾ!"

ತೋಟದ ಕೆಲಸಕ್ಕೂ ಒಂದು ಟೇಬಲ್ಲು ಬಂತು. ಯಾವ ಸಾಲಿನ ಬಳ್ಳಿ ಯಾರು ಕತ್ತರಿ ಹಿಡಿದು ಚಾಟಬೇಕು, ಅಂದರೆ ಸವರಬೇಕು ಅಂತ. ಮೇಲಿನ ಸಾಲಿಗೆ ಬಣ್ಣ ತುಂಬಿದರೆ ಶೋಭೆ ಎಂದು ಯಾರೋ ಹೇಳಿದ್ದರಂತೆ. ತುಂಬಿದ. ಅಥಣಿಯ ಝೆರಾಕ್ಸ್ ಅಂಗಡಿಯಿಂದ ಬರುವಷ್ಟರಲ್ಲಿ ಅದು ಕಾಡಿಗೆಯಾಗಿತ್ತು. ಕೆಲಸದ ಹೆಣ್ಣುಮಗಳೊಬ್ಬಳು ಹಾಳೆ ನೋಡಿ ಸೆರಗು ಬಾಯಿಗೆ ಹಿಡಿದಳು.

"ಇಷ್ಟು ದಪ್ಪ ಕರಿ ಪಟ್ಟಿ ಹಾಕೀರಲ್ರಿ ಧಣ್ಯಾರ, ಯಾರ ಹೋದ್ರು?"

ನಿಮ್ಮ ಸಣ್ಣಜ್ಜಿ, ಅಂದರೆ ನನ್ನ ನೆಗೆಣ್ಣಿ, ಅಂದಳು: "ಯಾರೂ ಹೋಗಿಲ್ಲವಾ. ಇವರ ಬುದ್ಧಿ ಹೋಗೇತಿ."

ಇನ್ನು ರೊಟ್ಟಿಯ ಸಂಗತಿ. ದಿನಾ ನಾನೇ ಬಡಿಯುತ್ತೇನೆ ಎಂದು ನಾನೆಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಹಿಟ್ಟಿನ ಪರಾತ ಸ್ವಲ್ಪ ಜೋರಾಗಿ ಇಟ್ಟಿರಬಹುದು. ಸಣ್ಣಜ್ಜ ನ್ಯಾಯ ಮಾಡಲು ಕೂತ. ನನ್ನ ಖಾನೆ, ಆಕೆಯ ಖಾನೆ ಎರಡನ್ನೂ ಕೂಡಿಸಿ ಒಂದೇ ದೊಡ್ಡ ಖಾನೆ ಮಾಡಿ "ಇಬ್ಬರೂ" ಎಂದು ಬರೆದ. ಇಬ್ಬರೂ ಎಂದರೆ ಯಾರು? ಆಕೆ ನಾನೆಂದುಕೊಂಡಳು, ನಾನು ಆಕೆಯೆಂದುಕೊಂಡೆ. ಆ ದಿನ ಮನೆಮಂದಿಯೆಲ್ಲ ಚುರುಮುರಿ ತಿಂದರು!

ಇಂಥವನ ಕೈಗೆ ನಿಮ್ಮ ದೊಡ್ಡಕ್ಕನ ಮದುವೆಯ ಕೆಲಸದ ಪಟ್ಟಿ ಸಿಕ್ಕಿತು. ಕೇಳಬೇಕೆ? ಮೊದಲ ಸಲ ಖಾನೆ ಅಗಲವಾಗಿ "ಯಾವಾಗ" ಎಂಬ ಕೊನೆಯ ಖಾನೆ ಹಾಳೆಯಾಚೆ ಬಿತ್ತು. ಎರಡನೇ ಸಲ ಅದೇನೋ ಒತ್ತಿದ, ಎಲ್ಲ ಕೆಲಸಗಳೂ ಅಕ್ಷರದ ಕ್ರಮದಲ್ಲಿ ಬಂದು ಕೂತವು. ಅಕ್ಕಿಕಾಳು, ಅರಿಶಿಣ, ಊಟ, ತಾಳಿ, ಎಲ್ಲಕ್ಕಿಂತ ಕೊನೆಗೆ ಬೀಗರ ಸ್ವಾಗತ!

"ಅಂದ್ರ ವರಾ ಬರೂಕಿಂತ ಮೊದಲ ತಾಳಿ ಕಟ್ತಾನೇನ್ರಿ?" ಎಂದಳು ನೆಗೆಣ್ಣಿ.

"ಕ್ರಮ ಬರೋಬರಿ ಐತಿ. ಮದವೀನ ಹಿಂದ ಮುಂದ ಆಗೇತಿ," ಎಂದ ಮಹಾರಾಯ.

ನಾನು ನಕ್ಕೆ. ಆದರೆ ಒಳಗೊಂದು ಮಾತು ಕುಟುಕುತ್ತಿತ್ತು. ನಿಮ್ಮ ಅಜ್ಜ ಹೋದಾಗಿನಿಂದ ಮನೆಯ ಯಾವ ಮದುವೆಯಲ್ಲೂ ನನಗೆ ಒಂದೇ ಕೆಲಸ: ಉಗ್ರಾಣದ ಬಾಗಿಲಲ್ಲಿ ಕೂತು ತೆಂಗಿನಕಾಯಿ ಕಾಯುವುದು. ತೆಂಗಿನಕಾಯಿಗೆ ಕಾಲಿದೆಯೆ, ಓಡಿಹೋಗಲು? ಹೊರಗೆ ಹಾಡು, ನಗು. ಒಳಗೆ ನಾನು, ಕಾಯಿ. ಯಾರೂ ಹೋಗೆನ್ನುವುದಿಲ್ಲ, ಯಾರೂ ಬಾ ಎನ್ನುವುದೂ ಇಲ್ಲ. ಆದರೆ ಈ ಹುಡುಗಿಯನ್ನು ಬಾಣಂತಿ ಕೋಣೆಯಿಂದ ಕಾಲ ಮೇಲೆ ಮಲಗಿಸಿಕೊಂಡು ಎರೆದವಳು ನಾನು. ಆಕೆಯ ಕೆನ್ನೆಗೆ ಒಂದು ಬೆರಳು ಅರಿಶಿಣ ಹಚ್ಚಬೇಕೆಂಬ ಆಸೆ ಇತ್ತು. ಯಾರಿಗೆ ಹೇಳಲಿ?

ಅರಿಶಿಣದ ದಿನ ಬೆಳಗ್ಗೆ ಹಂದರದ ಕಂಬಕ್ಕೆಲ್ಲ ಟೇಬಲ್ಲು ಅಂಟಿದ್ದವು. ನಾನು ಕನ್ನಡಕ ಹಾಕಿಕೊಂಡು ನೇರ ಕೊನೆಯ ಸಾಲಿಗೆ ಹೋದೆ. ಉಗ್ರಾಣ, ತೆಂಗಿನಕಾಯಿ. ಅಲ್ಲಿ ನನ್ನ ಹೆಸರಿಲ್ಲ, ಸಣ್ಣಜ್ಜನ ಹೆಸರಿದೆ! ಮತ್ತೆ ತಪ್ಪು ಒತ್ತಿದ್ದಾನೆ ಎಂದುಕೊಂಡೆ. ಮೆಲ್ಲಗೆ ಮೇಲೇರುತ್ತ ಬಂದೆ. ಮೊದಲ ಸಾಲು: ಮೊದಲ ಅರಿಶಿಣ ಹಚ್ಚುವವರು. ಪಕ್ಕದ ಖಾನೆಯಲ್ಲಿ ನನ್ನ ಹೆಸರು.

ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಅಷ್ಟರಲ್ಲಿ ನನ್ನ ನಾದಿನಿ, ನಿಮ್ಮ ಅಜ್ಜನ ಅಕ್ಕ, ಓದಿಸಿಕೊಂಡು ಕೇಳಿ ಕೆಂಪಾದರು.

"ಏನೋ ತಮ್ಮಾ ಇದು? ಮನ್ಯಾಗ ಮುತ್ತೈದೇರು ಯಾರೂ ಇಲ್ಲೇನು? ತಗಿ ಆ ಹೆಸರ!"

ಸಣ್ಣಜ್ಜ ಕೈ ಜೋಡಿಸಿದ. "ಅಕ್ಕಾ, ಹೆಸರು ತಗದ್ರ ಟೇಬಲ್ ಎಲ್ಲಾ ಜಾರಿ ಎರಡನೇ ಪುಟಕ್ಕ ಹೋಗ್ತೈತಿ. ಆಗೂದಿಲ್ಲ."

"ಪೆನ್ನಿಲೆ ಹೊಡದ ಹಾಕು!"

"ನನ್ನ ಟೇಬಲ್ಲಿಗೆ ಪೆನ್ನು ತಾಕಿದ್ರ ನಾ ಮದವಿ ಊಟಾನ ಮಾಡೂದಿಲ್ಲ, ನೋಡು."

ಮಂದಿಗೆಲ್ಲ ಬಚ್ಚಲಮನೆಯ ಕಥೆ ಗೊತ್ತು. "ಬಿಡ್ರಿ ಅಕ್ಕಾರ, ಈ ಹುಚ್ಚನ ಕೂಡ ಯಾರು ಬಡಕೋಬೇಕು!" ಎಂದು ನಗತೊಡಗಿದರು. ಆ ನಗೆಯಲ್ಲೇ ನೆಗೆಣ್ಣಿ ನನ್ನ ರಟ್ಟೆ ಹಿಡಿದು ಮಣೆಯ ಮುಂದೆ ನಿಲ್ಲಿಸಿದಳು. ನಿಮ್ಮ ಅಕ್ಕ ಮುಖ ಎತ್ತಿ ಕೆನ್ನೆ ಕೊಟ್ಟಳು. ನಾನು ಹಚ್ಚಿದೆ. ಒಂದು ಬೆರಳಲ್ಲ, ಎರಡೂ ಅಂಗೈ ತುಂಬ.

ಮದುವೆ ಮುಗಿದ ಮೇಲೆ ಉಗ್ರಾಣಕ್ಕೆ ಹೋದೆ. ಸಣ್ಣಜ್ಜ ತೆಂಗಿನಕಾಯಿಗಳನ್ನು ಅಡ್ಡ ಆರು, ಉದ್ದ ಎಂಟು ಸಾಲಿನಲ್ಲಿ ಜೋಡಿಸಿಕೊಂಡು ಕೂತಿದ್ದ.

"ಖರೇನ ಎರಡನೇ ಪುಟಕ್ಕ ಹೋಗ್ತಿತ್ತೇನ್ರಿ?" ಎಂದೆ.

ಆತ ತಲೆ ಎತ್ತಲಿಲ್ಲ. ಒಂದು ಕಾಯಿ ಸರಿಸಿ ಸಾಲು ನೆಟ್ಟಗೆ ಮಾಡಿದ.

"ಇಲ್ಲರಿ ವೈನಿ. ಆ ಪುಟದಾಗ ಇನ್ನೂ ಅರ್ಧಾ ಜಾಗಾ ಖಾಲಿ ಇತ್ತು."